ವಿಶ್ವಕಿರಣವೂ ಗಣಕಯಂತ್ರದ ಚಿಪ್ಪೂ: ಒಂದು ಪರೀಕ್ಷೆಯ ಇತಿಹಾಸ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ನಮ್ಮಲ್ಲಿ ಅನೇಕರು ಗಣಕಯಂತ್ರವನ್ನೇ ನಂಬಿ ಕಡಲು ದಾಟಿ ಬಂದವರು. ಯಂತ್ರವು ತಪ್ಪೆಸಗಿದರೆ ಆದೇಶ ಬರೆದವನನ್ನೋ, ಯಂತ್ರ ಕಟ್ಟಿದವನನ್ನೋ ದೂರುವುದು ನಮ್ಮ ವಾಡಿಕೆ. ಇವರಿಬ್ಬರದೂ ಅಲ್ಲದ ತಪ್ಪೊಂದುಂಟು. ಅದರ ಮೂಲ ನಕ್ಷತ್ರಗಳ ನಡುವೆ ಇದೆ. ಆ ತಪ್ಪನ್ನು ನೆಲದ ಮೇಲೆಯೇ ಬೇಕೆಂದು ಉಂಟುಮಾಡಿ ಪರೀಕ್ಷಿಸಲು ಮನುಷ್ಯನು ಕಲಿತ ಬಗೆಯನ್ನು ಇಂದು ನಾವು ನಿರೂಪಿಸಬಯಸುತ್ತೇವೆ.

ವಿದ್ಯುನ್ಮಾನ ಘಟಕಗಳು ಕಿರಿದಾಗುತ್ತ ಹೋದಂತೆ ವಿಶ್ವಕಿರಣಗಳೇ ಅವುಗಳಿಗೆ ಎಲ್ಲೆಯಾದಾವು ಎಂದು ವಾಲ್‌ಮಾರ್ಕ್ ಮತ್ತು ಮಾರ್ಕಸ್ ಎಂಬ ವಿಜ್ಞಾನಿಗಳು 1962ರಲ್ಲೇ ಬರೆದಿದ್ದರು. ಸಾಕ್ಷ್ಯ ದೊರೆತದ್ದು 1975ರಲ್ಲಿ. ಹ್ಯೂಸ್ ಸಂಸ್ಥೆಯ ಬೈಂಡರ್, ಸ್ಮಿತ್ ಮತ್ತು ಹೋಲ್ಮನ್ ಅವರು ಸಂಪರ್ಕ ಉಪಗ್ರಹಗಳ ಒಟ್ಟು 17 ವರ್ಷಗಳ ಕಾರ್ಯಾಚರಣೆಯಲ್ಲಿ ಕಂಡ ನಾಲ್ಕು ವಿಚಿತ್ರ ದೋಷಗಳಿಗೆ ವಿಶ್ವಕಿರಣಗಳೇ ಕಾರಣವೆಂದು ವಾದಿಸಿದರು. ಹದಿನೇಳು ವರ್ಷಕ್ಕೆ ನಾಲ್ಕು ತಪ್ಪು! ನಮ್ಮ ಮನೆಯ ಗೋಡೆ ಗಡಿಯಾರ ಇದಕ್ಕಿಂತ ಹೆಚ್ಚು ತಪ್ಪುತ್ತದೆ. ಇಷ್ಟು ಅಪರೂಪದ ಘಟನೆಗೆ ತಲೆ ಕೆಡಿಸಿಕೊಳ್ಳುವವರಾರು?

ಆದರೆ 1978ರಲ್ಲಿ ಇಂಟೆಲ್ ಸಂಸ್ಥೆಯ ಮೇ ಮತ್ತು ವುಡ್ಸ್ ನೆಲದ ಮೇಲಿನ ಸ್ಮೃತಿ ಚಿಪ್ಪುಗಳಲ್ಲೂ ಇಂಥದೇ ದೋಷವನ್ನು ತೋರಿಸಿಕೊಟ್ಟರು. ಚಿಪ್ಪಿನ ಕವಚದಲ್ಲಿ ಬೆರೆತಿದ್ದ ಅತ್ಯಲ್ಪ ಯುರೇನಿಯಂ, ಥೋರಿಯಂಗಳು ಹೊರಸೂಸುವ ಆಲ್ಫಾ ಕಣವೇ ಅಲ್ಲಿನ ಅಪರಾಧಿ. ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಹಾಗಾಗಿ 50 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಳ ಒಂದು ಆಲ್ಫಾ ಕಣವು ಸುಮಾರು 14 ಲಕ್ಷ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಒಂದು ‘ಸೊನ್ನೆ’ಯನ್ನು ‘ಒಂದು’ ಮಾಡಲು ಆಗ ಅಷ್ಟು ಸಾಕಾಗಿತ್ತು. ಆಲ್ಫಾ ಕಣವೇ ಹೀಗೆ ಮಾಡುವುದಾದರೆ ಕಬ್ಬಿಣದ ಪರಮಾಣು ಬೀಜದ ಗತಿಯೇನು? ಕಣವು ಬಿಟ್ಟುಹೋಗುವ ಶಕ್ತಿಯು ಅದರ ವಿದ್ಯುದಂಶದ ವರ್ಗಕ್ಕೆ ಅನುಗುಣವಾದುದು. ಕಬ್ಬಿಣದ ವಿದ್ಯುದಂಶ 26. ಅಂದರೆ ಅಷ್ಟೇ ವೇಗದ ಪ್ರೋಟಾನಿಗಿಂತ ಅದರ ಪೆಟ್ಟು 676 ಪಟ್ಟು ದೊಡ್ಡದು.

ಇಂಥ ಭಾರವಾದ ಅಯಾನುಗಳನ್ನು ಬೇಕಾದಾಗ ಪಡೆಯಲು ಕಣವೇಗವರ್ಧಕ ಬೇಕು. ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ ಪರಮಾಣು ಬೀಜದ ಅಧ್ಯಯನಕ್ಕೆಂದು 1960ರ ದಶಕದ ಆರಂಭದಿಂದ ದುಡಿಯುತ್ತಿದ್ದ 88 ಅಂಗುಲದ ಸೈಕ್ಲೋಟ್ರಾನ್ 1979ರಲ್ಲಿ ಈ ಕೆಲಸಕ್ಕೆ ಒದಗಿತು. ಆ ವರ್ಷ ಕೊಲಾಸಿನ್ಸ್ಕಿ, ಬ್ಲೇಕ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನವು ಸ್ಮೃತಿ ಚಿಪ್ಪುಗಳಲ್ಲಿ ಅಂಕೆ ಮಗುಚುವುದನ್ನಷ್ಟೇ ಅಲ್ಲ, ‘ಲ್ಯಾಚಪ್’ ಎಂಬ ಇನ್ನೂ ಘೋರವಾದ ವ್ಯಾಧಿಯನ್ನೂ ವರ್ಣಿಸಿತು. ಇದರಲ್ಲಿ ಒಂದೇ ಕಣ ತಗುಲಿದ ಚಿಪ್ಪು ಮಿತಿಮೀರಿದ ವಿದ್ಯುತ್ತನ್ನು ಎಳೆಯತೊಡಗುತ್ತದೆ. ತಕ್ಷಣ ವಿದ್ಯುತ್ ಕಡಿಯದಿದ್ದರೆ ಅದು ಸುಟ್ಟುಹೋಗಬಹುದು. ಅಂತರಿಕ್ಷದಲ್ಲಿ ಕೈಚಾಚಿ ಸ್ವಿಚ್ಚು ಆರಿಸುವವರು ಯಾರು?

ಪರೀಕ್ಷೆಯ ಕ್ರಮ ಕೇಳಲು ಸರಳ. ಈ ಅಯಾನುಗಳು ಸಿಲಿಕಾನಿನಲ್ಲಿ ಕೂದಲೆಳೆಯ ದಪ್ಪದಷ್ಟು ದೂರ ಮಾತ್ರ ಸಾಗಬಲ್ಲವು. ಆದ್ದರಿಂದ ಮೊದಲು ಚಿಪ್ಪಿನ ಮುಚ್ಚಳ ತೆಗೆಯಬೇಕು. ಬಳಿಕ ನಿರ್ವಾತ ಕೋಣೆಯಲ್ಲಿಟ್ಟು, ಕೆಲಸ ಮಾಡುತ್ತಿರುವಂತೆಯೇ ಕಿರಣವನ್ನು ಹಾಯಿಸಿ ತಪ್ಪುಗಳನ್ನು ಎಣಿಸುತ್ತಾರೆ. ಹಗುರ ಅಯಾನಿನಿಂದ ಭಾರದ ಅಯಾನಿಗೆ ಏರುತ್ತ ಹೋದರೆ ಎಲ್ಲಿ ತಪ್ಪು ಮೊದಲಾಗುತ್ತದೆ, ಎಲ್ಲಿ ಅದು ಏರದೆ ನಿಲ್ಲುತ್ತದೆ ಎಂಬುದು ಕಾಣುತ್ತದೆ. ಅದರಿಂದ ಕಕ್ಷೆಯಲ್ಲಿ ದಿನಕ್ಕೆಷ್ಟು ತಪ್ಪಾದೀತೆಂಬ ಲೆಕ್ಕ. ಬರ್ಕಲಿಯವರು ಮುಂದೆ ಹಲವು ಅಯಾನುಗಳನ್ನು ಒಟ್ಟಿಗೆ ಸೇರಿಸಿ, ಆವರ್ತನ ತುಸು ಬದಲಿಸಿದೊಡನೆ ಬೇಕಾದುದನ್ನು ಆರಿಸುವ ಉಪಾಯ ಕಂಡುಕೊಂಡು ಅದಕ್ಕೆ ‘ಕಾಕ್‌ಟೇಲ್’ ಎಂದು ಹೆಸರಿಟ್ಟರು. ವಿಜ್ಞಾನಿಗಳಿಗೂ ರಸಿಕತೆಯುಂಟು!

ಈ ಶ್ರಮದ ಬೆಲೆ ತಿಳಿದದ್ದು ಗೆಲಿಲಿಯೊ ನೌಕೆಯಿಂದ. ಗುರುಗ್ರಹದ ಸುತ್ತ ಗಂಧಕ, ಆಮ್ಲಜನಕಗಳ ಅಯಾನುಗಳು ತುಂಬಿವೆಯೆಂದು 1979ರಲ್ಲಿ ವಾಯೇಜರ್ ನೌಕೆಗಳು ತಿಳಿಸಿದ್ದವು. ಗೆಲಿಲಿಯೊದ ದಿಕ್ಕು ಕಾಯುವ ಗಣಕದ ಚಿಪ್ಪುಗಳಾದರೋ ಇಂಥ ಪೆಟ್ಟನ್ನು ತಡೆಯಲಾರವೆಂದು ನೆಲದ ಪರೀಕ್ಷೆಗಳಲ್ಲಿ ಬಯಲಾಯಿತು. ದಿಕ್ಕು ತಪ್ಪಿದ ನೌಕೆ ಭೂಮಿಯತ್ತ ಮುಖ ಮಾಡಲಾರದು. ಸ್ಯಾಂಡಿಯ ಪ್ರಯೋಗಾಲಯವು ಅದೇ ಬಗೆಯ, ಆದರೆ ವಿಕಿರಣ ಸಹಿಸುವ ಚಿಪ್ಪುಗಳನ್ನು ಹೊಸದಾಗಿ ತಯಾರಿಸಿಕೊಟ್ಟಿತು. 1989ರಲ್ಲಿ ಹೊರಟ ನೌಕೆ 1995ರಲ್ಲಿ ಗುರುವನ್ನು ಸೇರಿ, 2003ರವರೆಗೆ ದುಡಿಯಿತು.

ಯುರೋಪಿನ ಇಆರ್‌ಎಸ್-1 ಉಪಗ್ರಹದ ಒಂದು ಉಪಕರಣಕ್ಕೆ ಆ ಭಾಗ್ಯವಿರಲಿಲ್ಲ. 1991ರ ಜುಲೈನಲ್ಲಿ, ಉಡಾವಣೆಯಾದ ಕೆಲವೇ ದಿನಗಳಲ್ಲಿ, ಲ್ಯಾಚಪ್‌ನಿಂದ ಅದು ಕೆಟ್ಟುಹೋಯಿತು. ಅದೇ ಬಗೆಯ ಚಿಪ್ಪಿಗೆ ನೆಲದ ಮೇಲೆ ಪ್ರೋಟಾನು ಹಾಯಿಸಿದಾಗ ಕಾರಣ ದೃಢಪಟ್ಟಿತು. ಉಪಕರಣ ಮಾತ್ರ ಮರಳಿ ಬರಲಿಲ್ಲ.

ನಮ್ಮ ಬೆಂಗಳೂರಿನಲ್ಲಿ ಕಟ್ಟುವ ಉಪಗ್ರಹಗಳಿಗೂ ಇದೇ ಅಂಜಿಕೆ. ಇಸ್ರೋದವರು ದೆಹಲಿಯ ಪೆಲೆಟ್ರಾನ್ ವೇಗವರ್ಧಕದಲ್ಲಿ ಇಂಥ ಪರೀಕ್ಷೆಗಳನ್ನು ನಡೆಸಿದ್ದಾರೆ. ಅಮೆರಿಕದಲ್ಲಿ ಇಂಥ ಯಂತ್ರಗಳು ಬೆರಳೆಣಿಕೆಯಷ್ಟೇ. ಅವಕ್ಕೆ ವಯಸ್ಸಾಗುತ್ತಿದೆ, ಬೇಡಿಕೆ ಏರುತ್ತಿದೆ ಎಂದು ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳು 2018ರ ವರದಿಯಲ್ಲಿ ಎಚ್ಚರಿಸಿದವು. ಚಿಪ್ಪುಗಳನ್ನು ಹೊತ್ತು ಬಂದ ಎಂಜಿನಿಯರುಗಳಿಗೆ ಅಲ್ಲಿ ಕಿರಣವನ್ನು ಗಂಟೆಯ ಲೆಕ್ಕದಲ್ಲಿ ಅಳೆದು ಕೊಡಲಾಗುತ್ತದೆ.