ಎರಡು ದೇಶಗಳ ಚಂದಾ, ಒಂದು ವಿಶ್ವವಿದ್ಯಾನಿಲಯ

ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ನಗರದಲ್ಲಿ ಜಾನ್ ಮೆಕ್ಲೀನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರಿದ್ದರು. ಹಿರೋಷಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದು ಆಗಿನ್ನೂ ಐದು ತಿಂಗಳು. 1946ರ ಜನವರಿಯಲ್ಲಿ ಅವರು ಒಂದು ಸಲಹೆ ಮುಂದಿಟ್ಟರು: ಅಮೆರಿಕದ ಕ್ರೈಸ್ತರು ಹಣ ಕೂಡಿಸಿ, ಪ್ರಾಯಶ್ಚಿತ್ತವಾಗಿ, ಜಪಾನಿನಲ್ಲಿ ಒಂದು ವಿದ್ಯಾಸಂಸ್ಥೆ ಕಟ್ಟಿಕೊಡಬೇಕು. ಯುದ್ಧ ಗೆದ್ದ ಸಂಭ್ರಮ ಇಳಿಯದ ದಿನಗಳಲ್ಲಿ ಹೀಗೆ ಹೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕಾಗಿದ್ದಿತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಟೋಕಿಯೋ ಪಕ್ಕದ ಮಿಟಾಕಾದಲ್ಲಿ ಇಂದು ನಿಂತಿರುವ ಅಂತಾರಾಷ್ಟ್ರೀಯ ಕ್ರೈಸ್ತ ವಿಶ್ವವಿದ್ಯಾನಿಲಯದ ಕಥೆಯಲ್ಲಿ ಈ ಸಲಹೆಗೆ ಒಂದು ಮುಖ್ಯ ಸ್ಥಾನವಿದೆ. ಅಂಥದೊಂದು ವಿಶ್ವವಿದ್ಯಾನಿಲಯ ಬೇಕೆಂಬ ಆಸೆ ಜಪಾನಿನ ಕ್ರೈಸ್ತರಲ್ಲಿ ಮೊದಲಿನಿಂದಲೂ ಇದ್ದಿತು. ಇಲ್ಲದ್ದು ಹಣ ಮಾತ್ರ. ವಿದ್ಯಾಸಂಸ್ಥೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಧ್ಯೇಯ, ಆದರ್ಶಗಳಿಗೆ ಪುಟಗಟ್ಟಲೆ ಮೀಸಲಿಟ್ಟು, ಹಣದ ಸಂಗತಿಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇಲ್ಲಿಯಾದರೋ ಸ್ವಾರಸ್ಯವಿರುವುದು ಹಣದಲ್ಲೇ.

ಅಮೆರಿಕದಲ್ಲಿ ಇದಕ್ಕಾಗಿ 1948ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಗುರಿ 1 ಕೋಟಿ ಡಾಲರ್. ಜಪಾನನ್ನು ಆಗ ಆಳುತ್ತಿದ್ದ ಜನರಲ್ ಡಗ್ಲಸ್ ಮೆಕಾರ್ಥರ್ ನಿಧಿ ಸಂಗ್ರಹದ ಗೌರವಾಧ್ಯಕ್ಷರು. ಯುದ್ಧಕ್ಕೆ ಮುಂಚೆ ಟೋಕಿಯೋದಲ್ಲಿ ರಾಯಭಾರಿಯಾಗಿದ್ದ ಜೋಸೆಫ್ ಗ್ರೂ ಪ್ರಚಾರದ ಮುಂದಾಳು. ಇಷ್ಟು ದೊಡ್ಡ ಹೆಸರುಗಳಿದ್ದರೆ ಹಣ ಹೊಳೆಯಾಗಿ ಹರಿದುಬರಬೇಕಲ್ಲವೇ? ಬರಲಿಲ್ಲ. ಕೂಡಿದ ಮೊತ್ತ ಗುರಿಗಿಂತ ಬಹು ದೂರದಲ್ಲೇ ನಿಂತಿತು. ಕೊನೆಗೆ ಭಾರ ಹೊತ್ತವು ಬೇರೆ ಬೇರೆ ಪಂಗಡಗಳ ಮಿಷನ್ ಮಂಡಳಿಗಳು. ವರ್ಷವರ್ಷವೂ ಇಷ್ಟಿಷ್ಟೆಂದು ಕೊಡುತ್ತ ಬಂದವು.

ಕಾರಣವೇನು? ನನ್ನ ಊಹೆ ಇಷ್ಟು: ಸಣ್ಣ ಊರಿನ ಚರ್ಚಿನಲ್ಲಿ ಕುಳಿತವನಿಗೆ ತನ್ನ ಪಂಗಡದ ಕಾಣಿಕೆಡಬ್ಬಿಯೇ ಹತ್ತಿರ. ಪೆಸಿಫಿಕ್ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮನೆಗೆ ಜಪಾನಿನ ಹೆಸರೇ ಕಹಿ. ಅಂಥವರ ಕೈ ಜೇಬಿಗೆ ಹೋಗುವಂತೆ ಮಾಡಲು ಜನರಲ್ ಸಾಹೇಬರ ಹೆಸರೊಂದೇ ಸಾಲದು.

ಈಗ ಸೋತ ದೇಶದ ಕಡೆ ಬನ್ನಿ. ಊರುಗಳು ಸುಟ್ಟಿದ್ದವು, ಅಕ್ಕಿಗೆ ಪಡಿತರ, ಬೆಲೆಗಳು ಗಗನಕ್ಕೆ. ಅಲ್ಲಿ ಚಂದಾ ಎತ್ತಲು ಮುಂದಾದವರು ಬ್ಯಾಂಕ್ ಆಫ್ ಜಪಾನ್‌ನ ಗವರ್ನರ್ ಇಚಿಮಾದಾ ಹಿಸಾತೊ. ಕ್ರೈಸ್ತರಲ್ಲ! ಜಪಾನಿನಲ್ಲಿ ನೂರಕ್ಕೆ ಒಬ್ಬ ಕ್ರೈಸ್ತನೂ ಇರಲಿಲ್ಲವೆಂದ ಮೇಲೆ, ಕೊಟ್ಟವರಲ್ಲಿ ಬಹುಪಾಲು ಜನ ಅನ್ಯಧರ್ಮದವರೆಂದು ಬೇರೆ ಹೇಳಬೇಕಾಗಿಲ್ಲ. ಗುರಿ 15 ಕೋಟಿ ಯೆನ್. ಬಂದದ್ದು 16 ಕೋಟಿ.

ಲೆಕ್ಕ ಹಾಕಿ ನೋಡಿ. 1949ರಲ್ಲಿ ಒಂದು ಡಾಲರಿಗೆ 360 ಯೆನ್ ಎಂದು ದರ ನಿಗದಿಯಾಗಿತ್ತು. ಆ ದರದಲ್ಲಿ 16 ಕೋಟಿ ಯೆನ್ ಎಂದರೆ ಸುಮಾರು 4 ಲಕ್ಷ 44 ಸಾವಿರ ಡಾಲರ್. ಅಮೆರಿಕದವರು ಇಟ್ಟುಕೊಂಡ ಗುರಿಯ ಇಪ್ಪತ್ತನೇ ಒಂದು ಪಾಲೂ ಅಲ್ಲ. ಆದರೆ ವಿಶ್ವವಿದ್ಯಾನಿಲಯಕ್ಕೆ ನೆಲ ಕೊಂಡದ್ದು ಈ ಹಣದಿಂದ.

ಆ ನೆಲ ನಕಾಜಿಮಾ ವಿಮಾನ ಕಂಪನಿಯದು. ಯುದ್ಧಕಾಲದಲ್ಲಿ ಅಲ್ಲಿ ಕಂಪನಿಯ ಸಂಶೋಧನಾಲಯವಿದ್ದಿತು. ಪೆಸಿಫಿಕ್ ಸಾಗರ ದಾಟಿ ಅಮೆರಿಕದ ನೆಲಕ್ಕೇ ಬಾಂಬು ಹಾಕಬಲ್ಲ, ಆರು ಎಂಜಿನ್ನುಗಳ ‘ಫುಗಾಕು’ ಎಂಬ ವಿಮಾನದ ವಿನ್ಯಾಸ ನಡೆದದ್ದು ಇಲ್ಲಿಯೇ. ವಿಮಾನ ಹಾರಲಿಲ್ಲ, ಕಾಗದದ ಮೇಲೆಯೇ ಉಳಿಯಿತು. ಅದನ್ನು ಯೋಚಿಸಿದ ಜಾಗವೇ ಅಮೆರಿಕದ ಕಾಣಿಕೆಯನ್ನು ಎದುರುನೋಡುವ ಕಾಲೇಜಾಯಿತು. ವಾಸ್ತುಶಿಲ್ಪಿ ವಿಲಿಯಂ ಮೆರೆಲ್ ವೋರೀಸ್ ಆ ಹಳೆಯ ಕಟ್ಟಡವನ್ನು ತರಗತಿಗಳಿಗೆ ಹೊಂದುವಂತೆ ಮಾರ್ಪಡಿಸಿದರು.

1949ರ ಜೂನ್ 15ರಂದು ಗೋಟೆಂಬಾದಲ್ಲಿ ಸೇರಿದ ಸಭೆ ವಿಶ್ವವಿದ್ಯಾನಿಲಯದ ಸ್ಥಾಪನೆಯನ್ನು ನಿಶ್ಚಯಿಸಿತು. ಮೊದಲ ಅಧ್ಯಕ್ಷರು ಯುವಾಸಾ ಹಾಚಿರೋ. ಇವರು ಕೀಟಶಾಸ್ತ್ರಜ್ಞರೆಂಬುದು ವಿಜ್ಞಾನ ಓದಿದ ನನ್ನಂಥವನಿಗೆ ಖುಷಿ ಕೊಡುವ ಸಂಗತಿ. ಯುದ್ಧಕ್ಕೆ ಮೊದಲು ಕ್ಯೋಟೋದ ದೋಷಿಶಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದು, ಸೇನಾವಾದಿಗಳ ಒತ್ತಡದಿಂದ 1937ರಲ್ಲಿ ಆ ಸ್ಥಾನ ಬಿಟ್ಟವರು. 1938ರ ಡಿಸೆಂಬರಿನಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ನಡೆದ ಕ್ರೈಸ್ತ ಸಮ್ಮೇಳನಕ್ಕೆ ಬಂದಿದ್ದರು. ಆಮೇಲೆ ಅಮೆರಿಕಕ್ಕೆ ಹೋಗಿ, ಯುದ್ಧ ಮುಗಿಯುವವರೆಗೂ ಶತ್ರುದೇಶದಲ್ಲೇ ಉಳಿದರು.

1953ರ ಏಪ್ರಿಲ್‌ನಲ್ಲಿ ಕಾಲೇಜು ತೆರೆದಾಗ ಮಾನವಿಕ, ಸಮಾಜ ವಿಜ್ಞಾನಗಳ ಜೊತೆಗೆ ಪ್ರಕೃತಿ ವಿಜ್ಞಾನದ ವಿಭಾಗವೂ ಇದ್ದಿತು. ಆದರೆ ವಿಜ್ಞಾನಕ್ಕೆಂದೇ ಕಟ್ಟಡವಿರಲಿಲ್ಲ. ಇತಿಹಾಸ ಬೋಧಿಸುವ ಮೇಷ್ಟ್ರಿಗೆ ಕರಿಹಲಗೆ, ಸೀಮೆಸುಣ್ಣ ಇದ್ದರೆ ನಡೆದುಹೋಗುತ್ತದೆ. ರಸಾಯನಶಾಸ್ತ್ರಕ್ಕೆ ಹಾಗಲ್ಲ. ನೀರಿನ ಕೊಳಾಯಿ ಬೇಕು, ಗ್ಯಾಸಿನ ಕೊಳವೆ ಬೇಕು, ಕೆಟ್ಟ ಗಾಳಿ ಹೊರಹೋಗಲು ದಾರಿ ಬೇಕು. ಒಡೆದ ಗಾಜಿನ ಸಾಮಾನಿಗೆ ಪ್ರತಿವರ್ಷ ದುಡ್ಡು ಬೇಕು. ಕಿಪ್ ಉಪಕರಣದ ಕೊಳೆತ ಮೊಟ್ಟೆಯ ವಾಸನೆಯಲ್ಲಿ ಬಿ.ಎಸ್ಸಿ. ಮುಗಿಸಿದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಚಂದಾ ಕೊಡುವವರಿಗೆ ಇದೊಂದೂ ಕಣ್ಣಿಗೆ ಕಾಣುವುದಿಲ್ಲ. ಪ್ರಾರ್ಥನಾಮಂದಿರದ ಗೋಪುರ ಕಾಣುತ್ತದೆ. ಮಿಟಾಕಾದಲ್ಲಿ ಚರ್ಚು 1950ರ ದಶಕದಲ್ಲೇ ಎದ್ದುನಿಂತಿತು. ವಿಜ್ಞಾನ ಭವನ ಬಂದದ್ದು 1966ರಲ್ಲಿ, ಬಾಗಿಲು ತೆರೆದ ಹದಿಮೂರು ವರ್ಷಗಳ ಮೇಲೆ.

ಇನ್ನು ಆ ನೆಲದ ಮಾತು. ಕಾಲೇಜಿಗೆ ಅಗತ್ಯವಿದ್ದುದಕ್ಕಿಂತ ಬಹಳ ಹೆಚ್ಚು ಭೂಮಿ ಅಲ್ಲಿದ್ದಿತು. ಒಂದು ಭಾಗವನ್ನು ವಿಶ್ವವಿದ್ಯಾನಿಲಯವು ಗಾಲ್ಫ್ ಮೈದಾನ ಮಾಡಿ ನಡೆಸಿತು. 1970ರ ದಶಕದಲ್ಲಿ ಅದನ್ನು ಟೋಕಿಯೋ ಆಡಳಿತಕ್ಕೆ ಮಾರಲಾಯಿತು. ಅಲ್ಲಿ ಈಗ ನೊಗಾವಾ ಉದ್ಯಾನವಿದೆ, 1980ರಲ್ಲಿ ತೆರೆದದ್ದು. ಮಾರಿ ಬಂದ ಹಣವೇ ವಿಶ್ವವಿದ್ಯಾನಿಲಯದ ಮೂಲನಿಧಿಗೆ ಆಧಾರವಾಯಿತು. ಪಡಿತರದ ಅಕ್ಕಿ ಉಣ್ಣುತ್ತಿದ್ದ ಕಾಲದಲ್ಲಿ ಕ್ರೈಸ್ತರಲ್ಲದ ಜನ ಕೊಟ್ಟ ಯೆನ್‌ಗಳು ಹೀಗೆ ಮರಿ ಹಾಕಿದವು!

2020ರ ದಶಕದಲ್ಲಿ ಅಲ್ಲಿ ಮತ್ತೊಂದು ಹೊಸ ಕಟ್ಟಡ ಎದ್ದಿದೆ. ವಿಜ್ಞಾನದ ಪ್ರಯೋಗಾಲಯಗಳೂ ಇತರ ವಿಷಯಗಳ ತರಗತಿಗಳೂ ಒಂದೇ ಸೂರಿನಡಿ ಇರಬೇಕೆಂಬುದು ಅದರ ಉದ್ದೇಶ. ಆರಂಭದ ವರ್ಷಗಳಲ್ಲಿ ಪಠ್ಯಕ್ರಮ ರೂಪಿಸಿದ ಅಮೆರಿಕದ ಶಿಕ್ಷಣತಜ್ಞ ಮಾರಿಸ್ ಟ್ರಾಯರ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಅದೇ ಆವರಣದಲ್ಲಿ, ಬಾಂಬರ್ ವಿಮಾನ ಕಂಪನಿಯ ಆ ಹಳೆಯ ಕಟ್ಟಡದಲ್ಲಿ, ಇವತ್ತಿಗೂ ಪಾಠ ನಡೆಯುತ್ತದೆ.