ಹೊಸೂರು ಸೀಮೆಯ ರಾತ್ರಿಗಾವಲು: ನಿದ್ರೆ ಮತ್ತು ಎಚ್ಚರದ ಒಂದು ಚರಿತ್ರೆ

ಕೃಷ್ಣಗಿರಿಯ ಬಾರಾಮಹಲ್ ಸೀಮೆಯು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ, ಘಟ್ಟದ ಮೇಲಿನ ಹೊಸೂರು ಸೀಮೆಯು 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಸೇಲಂ ಜಿಲ್ಲೆಯ ಭಾಗಗಳಾಗಿದ್ದು, 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿದವು. ಆಡಳಿತ ಹೀಗೆ ಕೈಯಿಂದ ಕೈಗೆ ಹೋದರೂ, ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಈ ಮೇಲುನಾಡಿನ ಹಳ್ಳಿಗಳಲ್ಲಿ ರಾತ್ರಿ ಯಾರು ಎಚ್ಚರವಾಗಿರಬೇಕು, ಎಷ್ಟು ಹೊತ್ತು, ಯಾವ ಪ್ರತಿಫಲಕ್ಕೆ ಎಂಬುದನ್ನು ಬಹುಕಾಲ ಗ್ರಾಮವೇ ನಿರ್ಧರಿಸುತ್ತಿತ್ತು. ಊರ ಕಾವಲಿನ ತಳವಾರ, ಕೆರೆಯ ತೂಬು ತೆಗೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಮೊದಲಾದವರಿಗೆ ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಧಾನ್ಯದ ಪಾಲೋ, ಇನಾಮು ಭೂಮಿಯೋ ಇರುತ್ತಿದ್ದು, ಅವರ ನಿದ್ದೆಗೇಡಿಗೆ ಊರು ತೆರುತ್ತಿದ್ದ ಬೆಲೆಯೂ ಅದರಲ್ಲೇ ಅಡಗಿತ್ತು. ರಾಜರ ಮತ್ತು ಕೋಟೆಗಳ ಚರಿತ್ರೆ ಬರೆದವರು ಈ ರಾತ್ರಿಗಳ ಕಡೆ ತಿರುಗಿ ನೋಡಿದ್ದು ಕಡಿಮೆ.

ಈ ಸೀಮೆಯಲ್ಲಿ ಇಂದಿಗೂ ಉಳಿದಿರುವ ಹಳೆಯ ರಾತ್ರಿಗೆಲಸವೆಂದರೆ ರಾಗಿ ಹೊಲದ ಕಾವಲು. ಮುಂಗಾರಿನಲ್ಲಿ ಬಿತ್ತಿದ ರಾಗಿ ಕಾರ್ತಿಕ, ಮಾರ್ಗಶಿರದ ಹೊತ್ತಿಗೆ ತೆನೆ ಬಲಿಯುವಾಗ ಬನ್ನೇರುಘಟ್ಟ ಮತ್ತು ಕಾವೇರಿ ಕಣಿವೆಯ ಕಡೆಯ ಕಾಡುಗಳಿಂದ ಆನೆಗಳ ಹಿಂಡು ಜವಳಗಿರಿ, ತಳಿಗಳ ಮೂಲಕ ಹೊಸೂರಿನ ಸಮೀಪದ ಸಾನಮಾವು ಕಾಡಿನವರೆಗೂ ಬರುತ್ತದೆ; ಕಾಡುಹಂದಿಯ ಕಾಟ ಬೇರೆ. ಹೊಲದ ಅಂಚಿನ ಮರದ ಮೇಲೆ ಅಥವಾ ನಾಲ್ಕು ಗಳುಗಳ ಮೇಲೆ ಕಟ್ಟಿದ ಅಟ್ಟಣೆ, ಅದರ ಬುಡದಲ್ಲಿ ಬೆಂಕಿ, ಹೊದೆಯಲು ಕಂಬಳಿ, ಬಡಿಯಲು ತಮಟೆ ಅಥವಾ ಖಾಲಿ ಡಬ್ಬ, ಈಚೆಗೆ ಪಟಾಕಿ ಮತ್ತು ಬ್ಯಾಟರಿ: ಕಾವಲಿನ ಸರಂಜಾಮು ಇಷ್ಟೇ. ಇಬ್ಬರಿದ್ದರೆ ಒಬ್ಬ ಸರಿರಾತ್ರಿಯವರೆಗೆ ಕೂತಿದ್ದು, ಇನ್ನೊಬ್ಬನನ್ನು ಎಬ್ಬಿಸಿ ತಾನು ಮಲಗುತ್ತಾನೆ.

ಸರಿ ಹಂಚಿಕೆಯಂತೆ ಕಾಣುವ ಈ ಸರದಿ ಮಿದುಳಿನ ಮಟ್ಟಿಗೆ ಸರಿಸಮವಲ್ಲ ಎಂಬುದು ತಿಳಿದುಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಯೇನಾ ನಗರದ ವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ನೆತ್ತಿಯ ಮೇಲಿನಿಂದ ಮಿದುಳಿನ ಸೂಕ್ಷ್ಮ ವಿದ್ಯುತ್ತನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದನು. ಇಂದು ಆಸ್ಪತ್ರೆಗಳಲ್ಲಿ ಇಇಜಿ ಎಂದು ಕರೆಯುವ ಪರೀಕ್ಷೆ ಇದೇ. ಎಚ್ಚರವಾಗಿದ್ದು ಕಣ್ಣು ಮುಚ್ಚಿದವನ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆ ಕಾಣುತ್ತದೆ. ಕಣ್ಣು ತೆರೆದೊಡನೆ ಅದು ಅಡಗಿ, ಚಿಕ್ಕದೂ ವೇಗವಾದದ್ದೂ ಆದ ಬೀಟಾ ಅಲೆಗಳು ಮೂಡುತ್ತವೆ, ಏಕೆಂದರೆ ಆಗ ಕೋಟ್ಯಂತರ ನರಕೋಶಗಳು ತಮ್ಮ ತಮ್ಮ ಕೆಲಸದಲ್ಲಿ ಬೇರೆ ಬೇರೆ ಲಯದಲ್ಲಿ ತೊಡಗಿರುತ್ತವೆ. 1937ರಲ್ಲಿ ಅಮೆರಿಕದ ಆಲ್ಫ್ರೆಡ್ ಲೂಮಿಸ್ ಮತ್ತು ಸಂಗಡಿಗರು ನಿದ್ರೆಯನ್ನು ಅಲೆಗಳ ಆಧಾರದ ಮೇಲೆ ಹಂತಗಳಾಗಿ ವಿಂಗಡಿಸಿದರು. ಮಂಪರು ಕವಿದಂತೆ ಅಲೆ ನಿಧಾನವಾಗುತ್ತದೆ. ಎರಡನೆಯ ಹಂತದಲ್ಲಿ ಕದಿರಿನ ಆಕಾರದ ಸಣ್ಣ ಗುಚ್ಛಗಳು ಆಗಾಗ ಎದ್ದು ಅಡಗುತ್ತವೆ. ಗಾಢನಿದ್ರೆಯಲ್ಲಿ ಸೆಕೆಂಡಿಗೆ ಒಂದೆರಡು ಬಾರಿ ಮಾತ್ರ ಏರಿಳಿಯುವ ದೊಡ್ಡ ಡೆಲ್ಟಾ ಅಲೆಗಳು ಬರುತ್ತವೆ. ಮಿದುಳಿನ ಹೊರಪದರದ ಅಸಂಖ್ಯ ನರಕೋಶಗಳು ಒಟ್ಟಾಗಿ ಕ್ಷಣಕಾಲ ಸುಮ್ಮನಾಗಿ, ಮತ್ತೆ ಒಟ್ಟಾಗಿ ಚುರುಕಾಗುವುದರಿಂದ ಈ ದೊಡ್ಡ ಅಲೆ ಹುಟ್ಟುತ್ತದೆ. ಗಾಢನಿದ್ರೆಯೆಂದರೆ ಮಿದುಳು ಆರಿಹೋದ ಸ್ಥಿತಿಯೆಂಬ ಹಳೆಯ ಎಣಿಕೆ ಇದರಿಂದ ಬಿದ್ದುಹೋಯಿತು.

ಅದಕ್ಕಿಂತ ದೊಡ್ಡ ಅಚ್ಚರಿ 1953ರದು. ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಅಡಿಯಲ್ಲಿ ಆಗಾಗ ವೇಗವಾಗಿ ಚಲಿಸುವುದನ್ನು ವರದಿ ಮಾಡಿದರು. ಆ ಹೊತ್ತಿನಲ್ಲಿ ಎಬ್ಬಿಸಿದವರು ಹೆಚ್ಚಾಗಿ ಕನಸನ್ನು ಹೇಳುತ್ತಿದ್ದರು, ಅವರ ಮಿದುಳಿನ ಅಲೆಯೋ ಎಚ್ಚರದ ಅಲೆಯನ್ನೇ ಹೋಲುತ್ತಿತ್ತು. ರೆಮ್ ನಿದ್ರೆ ಎಂದು ಹೆಸರಾದ ಈ ಹಂತದಲ್ಲಿ ಮೈಯ ಸ್ನಾಯುಗಳು ಸಡಿಲಗೊಂಡು ನಿಶ್ಚಲವಾಗಿರುತ್ತವೆ. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಮಾಂಡೂಕ್ಯೋಪನಿಷತ್ತು ಬೇರ್ಪಡಿಸಿದ ಮೂರು ಅವಸ್ಥೆಗಳಿಗೆ ಇಲ್ಲಿ ಯಂತ್ರದ ಸಾಕ್ಷ್ಯ ದೊರೆಯಿತೆಂದು ಕೆಲವರು ಹಿಗ್ಗುವುದುಂಟು. ಉಪನಿಷತ್ತಿನ ಪ್ರಶ್ನೆ ಅರಿವಿನ ಸ್ವರೂಪದ್ದು, ಯಂತ್ರದ್ದು ವಿದ್ಯುತ್ತಿನ ಲೆಕ್ಕ, ಆದ್ದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು.

ಈಗ ಅಟ್ಟಣೆಯ ಇಬ್ಬರತ್ತ ಮರಳಬಹುದು. ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುವ ರಾತ್ರಿನಿದ್ರೆಯ ಮೊದಲ ಭಾಗದಲ್ಲಿ ಗಾಢನಿದ್ರೆಯೂ ಬೆಳಗಿನ ಜಾವದಲ್ಲಿ ಕನಸಿನ ನಿದ್ರೆಯೂ ಹೆಚ್ಚು. ತಡವಾಗಿ ಮಲಗಿದವನಿಗೆ ಗಾಢನಿದ್ರೆ ಬೇಗನೆ ಕೂಡಿಬರುವುದರಿಂದ ಮೊದಲ ಸರದಿಯವನ ನಷ್ಟ ಕಡಿಮೆ. ಸರಿರಾತ್ರಿಗೆ ಎದ್ದವನು ಕನಸಿನ ನಿದ್ರೆಯ ಬಹುಪಾಲನ್ನು ಕಳೆದುಕೊಂಡು, ಮೈಯ ಉಷ್ಣತೆ ಕೆಳಮಟ್ಟಕ್ಕೆ ಇಳಿಯುವ ನಾಲ್ಕೈದು ಗಂಟೆಯ ವೇಳೆಯಲ್ಲಿ ಎಚ್ಚರವಾಗಿರಬೇಕಾಗುತ್ತದೆ. ಆದರೂ ಮಲಗಿದವನ ಕಿವಿ ಪೂರ್ತಿ ಮುಚ್ಚಿರುವುದಿಲ್ಲ. ನಿದ್ರಿಸುತ್ತಿರುವವರ ಮಿದುಳು ಇತರರ ಹೆಸರುಗಳಿಗಿಂತ ಅವರದೇ ಹೆಸರಿಗೆ ಹೆಚ್ಚಾಗಿ ಸ್ಪಂದಿಸುತ್ತದೆ ಎಂದು ಬ್ರಿಟನ್ನಿನ ಇಯಾನ್ ಆಸ್ವಾಲ್ಡ್ ಮತ್ತು ಸಂಗಡಿಗರು 1960ರಲ್ಲೇ ತೋರಿಸಿದ್ದರು. ಗಾಳಿಗೆ ಏಳದ ಕಾವಲುಗಾರ ಬಿದಿರು ಮುರಿದ ಸದ್ದಿಗೆ ಥಟ್ಟನೆ ಎದ್ದು ಕೂರುವುದರ ಹಿಂದೆ ಇರುವುದೂ ಇಂಥದೇ ಆಯ್ಕೆಯಿರಬೇಕು.

ದೇವರಿಗಾಗಿ ಎಚ್ಚರವಿರುವ ಕ್ರಮ ಬೇರೆಯದು. ಹೊಸೂರಿನ ಗುಡ್ಡದ ಮೇಲಿನ ಚಂದ್ರಚೂಡೇಶ್ವರನಂಥ ಶಿವನ ಗುಡಿಗಳಲ್ಲಿ ಮಹಾಶಿವರಾತ್ರಿಯ ಜಾಗರಣೆಯೆಂದರೆ ನಾಲ್ಕು ಯಾಮಗಳ ಪೂಜೆ; ಒಂದು ಯಾಮಕ್ಕೆ ಸುಮಾರು ಮೂರು ಗಂಟೆ. ಒಂದು ಯಾಮವು ನಿದ್ರೆಯ ಎರಡು ಆವರ್ತಗಳಷ್ಟೇ ಆಗುವುದು ಕಾಕತಾಳೀಯವೇ ಸರಿ. ಆದರೆ ಯಾಮಕ್ಕೊಂದು ಅಭಿಷೇಕ, ಗಂಟೆ, ಭಜನೆ, ದೀಪಗಳ ಬೆಳಕು, ಎದ್ದು ಕೂತು ಮಾಡುವ ನಮಸ್ಕಾರ ಇವು ಮಿದುಳಿನ ಕಾಂಡದಿಂದ ಮೇಲಕ್ಕೆ ಹರಡಿರುವ ಎಚ್ಚರದ ನರಜಾಲವನ್ನು ಪದೇ ಪದೇ ಕೆಣಕುತ್ತಿರುತ್ತವೆ. ಆ ಜಾಲದ ಪಾತ್ರವನ್ನು 1949ರಲ್ಲಿ ಮೊರುಜ್ಜಿ ಮತ್ತು ಮಾಗೂನ್ ವಿವರಿಸಿದರು. ವರ್ಷಕ್ಕೊಂದು ರಾತ್ರಿಯ ಈ ಎಚ್ಚರದ ಸಾಲವನ್ನು ಮಿದುಳು ಮರುದಿನದ ಗಾಢನಿದ್ರೆಯಿಂದ ಬಹುಮಟ್ಟಿಗೆ ತೀರಿಸಿಕೊಳ್ಳುತ್ತದೆ.

ಈ ಅರಿವು ಹೊಸೂರಿನ ನೆರೆಯಲ್ಲೂ ಬೆಳೆದದ್ದು ಗಮನಾರ್ಹ. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಾಗೂ ಅದರ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಕೂಡಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ನಿಂತಿರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ನಡುವಯಸ್ಸಿನಲ್ಲಿ ಕುಗ್ಗುತ್ತ ಹೋಗುವ ಗಾಢನಿದ್ರೆ ವಿಪಸ್ಸನ ಧ್ಯಾನಿಗಳಲ್ಲಿ ಹೆಚ್ಚು ಉಳಿದಿರುತ್ತದೆ ಎಂದು ಅಲ್ಲಿನ ಸಂಶೋಧಕರು 2006ರಲ್ಲಿ ವರದಿ ಮಾಡಿದರು.

ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ರಾತ್ರಿಯ ಅರ್ಥವೇ ಬದಲಾಯಿತು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ 1980ರ ವೇಳೆಗೆ ಅಶೋಕ್ ಲೇಲ್ಯಾಂಡ್ ಮತ್ತು ಟಿವಿಎಸ್, ಆ ದಶಕದ ಉತ್ತರಾರ್ಧದಲ್ಲಿ ಟೈಟಾನ್ ಹೊಸೂರಿನಲ್ಲಿ ಉತ್ಪಾದನೆ ತೊಡಗಿದವು. ಎಂಟು ಗಂಟೆಗಳ ಮೂರು ಶಿಫ್ಟು ಈ ಸೀಮೆಯ ಹೊಸ ಯಾಮವಾಯಿತು. ನೈಟ್ ಶಿಫ್ಟಿನ ದುಡಿಮೆಗೂ ಹಳೆಯ ಕಾವಲಿಗೂ ಇರುವ ಭೇದವೆಂದರೆ, ಕಾವಲು ಸುಗ್ಗಿಗೆ ಮುಗಿಯುತ್ತದೆ, ಶಿಫ್ಟು ವಾರದಿಂದ ವಾರಕ್ಕೆ ತಿರುಗುತ್ತಲೇ ಇರುತ್ತದೆ. ಕಣ್ಣಿಗೆ ಬೀಳುವ ಬೆಳಕಿನಿಂದ ಹೊತ್ತು ಸರಿಪಡಿಸಿಕೊಳ್ಳುವ ಮಿದುಳಿನೊಳಗಿನ ಗಡಿಯಾರ ಅಷ್ಟು ಬೇಗ ತಿರುಗಲಾರದು. 2011ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗದಲ್ಲಿ, ಬಹಳ ಹೊತ್ತು ಎಚ್ಚರವಿರಿಸಿದ ಪ್ರಾಣಿ ಕಣ್ಣು ತೆರೆದು ಓಡಾಡುತ್ತಿರುವಾಗಲೇ ಅದರ ಮಿದುಳಿನ ಕೆಲವು ನರಕೋಶಗುಂಪುಗಳು ಗಾಢನಿದ್ರೆಯಲ್ಲಿ ಆಗುವಂತೆ ಕ್ಷಣಕಾಲ ಸ್ತಬ್ಧವಾಗುತ್ತಿದ್ದವು, ಆ ಹೊತ್ತಿಗೆ ಕೆಲಸ ತಪ್ಪುತ್ತಿತ್ತು. ರಾತ್ರಿ ಪಾಳಿಯ ದುಡಿಮೆಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಅಂಶಗಳ ಸಾಲಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ಎತ್ತಿಹಿಡಿಯಿತು.

ಕಾನೂನು ಮಾತ್ರ ಗಂಟೆಗಳನ್ನು ಎಣಿಸಿತೇ ಹೊರತು ಅವು ದಿನದ ಯಾವ ಗಂಟೆಗಳೆಂಬುದರ ಭಾರವನ್ನು ತೂಗಲಿಲ್ಲ. 1948ರ ಕಾರ್ಖಾನೆ ಕಾಯ್ದೆಯು ಮಹಿಳೆಯರ ರಾತ್ರಿಗೆಲಸವನ್ನು ತಡೆದಿತ್ತು, ಆ ನಿರ್ಬಂಧವನ್ನು ಮದರಾಸು ಹೈಕೋರ್ಟು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ರಾತ್ರಿ ಪಾಳಿಯ ಗಂಡಾಳಿನ ನಿದ್ರೆಯ ಬಗೆಗಂತೂ ಆ ಕಾಯ್ದೆ ಹೇಳಿದ್ದು ಏನೂ ಇಲ್ಲ. 2025ರವರೆಗೆ ಜಾರಿಯಲ್ಲಿದ್ದ ಅದರ 57ನೆಯ ಕಲಮಿನ ಪ್ರಕಾರ, ನಡುರಾತ್ರಿಯನ್ನು ದಾಟುವ ಪಾಳಿಯ ಕಾರ್ಮಿಕನಿಗೆ ವಾರದ ರಜೆಯ 24 ಗಂಟೆಗಳು ಪಾಳಿ ಮುಗಿದ ಗಳಿಗೆಯಿಂದಲೇ ಶುರುವಾಗುತ್ತಿದ್ದವು. ಹೀಗಾಗಿ ಬೆಳಗ್ಗೆ ಆರಕ್ಕೆ ಗೇಟು ದಾಟಿದವನ ರಜೆಯ ಮೊದಲ ಏಳೆಂಟು ಗಂಟೆಗಳು ನಿದ್ದೆಗೇ ಹೋಗುತ್ತಿದ್ದವು.