ಸೋಲಿಗರು: ಕಾಡಿನ ಅರಿವು, ಶಾಲೆಯ ಅಕ್ಷರ

ರಾಜ್ಯದ ದಕ್ಷಿಣ ತುದಿಯ ಚಾಮರಾಜನಗರ ಜಿಲ್ಲೆಯಲ್ಲಿರುವ ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟಗಳಲ್ಲಿ ತಲೆತಲಾಂತರದಿಂದ ನೆಲೆಸಿರುವ ಬುಡಕಟ್ಟು ಜನರೇ ಸೋಲಿಗರು. ಪೂರ್ವಘಟ್ಟ ಮತ್ತು ಪಶ್ಚಿಮಘಟ್ಟಗಳು ಒಂದನ್ನೊಂದು ಸಂಧಿಸುವ ಈ ಕಾಡಿನ ಗಿಡಮರ, ಪ್ರಾಣಿಪಕ್ಷಿ, ಜೇನು ಹಾಗೂ ಹೊಳೆತೊರೆಗಳ ಬಗ್ಗೆ ಅವರು ಹೊಂದಿರುವ ಅರಿವು ಇಂದು ವಿಜ್ಞಾನಿಗಳ ಅಧ್ಯಯನದ ವಸ್ತುವಾಗಿದೆ. ಆದರೆ ಸೋಲಿಗರ ಮಕ್ಕಳು ಕಲಿಯುವ ತರಗತಿಯ ಪಠ್ಯದಲ್ಲಿ ಈ ಅರಿವಿಗೆ ದೊರೆತಿರುವ ಸ್ಥಾನ ಅತ್ಯಲ್ಪ. ಶಾಲೆಯ ಅಕ್ಷರ ಬೇಕು. ಕಾಡಿನ ಅರಿವೂ ಉಳಿಯಬೇಕು. ಇವೆರಡೂ ಒಂದೇ ಮಗುವಿಗೆ ದಕ್ಕುವುದು ಹೇಗೆಂಬುದೇ ಆದಿವಾಸಿ ಶಿಕ್ಷಣದ ಮುಖ್ಯ ಪ್ರಶ್ನೆಯಾಗಿದೆ.

ಜನ ಮತ್ತು ನೆಲೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸೋಲಿಗರ ಸಂಖ್ಯೆ ಮೂವತ್ತು ಸಾವಿರಕ್ಕೂ ಹೆಚ್ಚು. ನೆರೆಯ ತಮಿಳುನಾಡಿನ ಸತ್ಯಮಂಗಲ, ತಾಳವಾಡಿ ಮತ್ತು ಬರಗೂರು ಬೆಟ್ಟಗಳಲ್ಲಿಯೂ ಇವರ ವಸತಿಗಳಿವೆ. ಸೋಲಿಗರ ಹಾಡಿಗೆ ‘ಪೋಡು’ ಎಂದು ಹೆಸರು. ಬಿದಿರಿನ ಮೆಳೆಯಿಂದ ಹುಟ್ಟಿ ಬಂದವರು ತಾವೆಂಬ ಐತಿಹ್ಯ ಅವರಲ್ಲಿದೆ. ಬಿಳಿಗಿರಿರಂಗಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬ ನಂಬಿಕೆಯಿಂದಾಗಿ ಅವರಿಗೆ ಈ ದೇವರು ಭಾವ. ಭಾರ್ಗವಿ ಹೊಳೆಯ ಬದಿಯಲ್ಲಿರುವ ದೊಡ್ಡ ಸಂಪಿಗೆ ಮರ ಅವರ ಪವಿತ್ರ ತಾಣಗಳಲ್ಲಿ ಮುಖ್ಯವಾದುದು. ‘ಗೊರುಕ ಗೊರುಕನ’ ಎಂಬ ಹಾಡು-ಕುಣಿತದ ಮೂಲಕ ಸೋಲಿಗರು ನಾಡಿನ ಜನಪದ ವೇದಿಕೆಗಳಲ್ಲಿಯೂ ಪರಿಚಿತರಾಗಿದ್ದಾರೆ.

ಸೋಲಿಗ ನುಡಿಯು ದಕ್ಷಿಣ ದ್ರಾವಿಡ ವರ್ಗಕ್ಕೆ ಸೇರಿದ್ದು, ಕನ್ನಡಕ್ಕೆ ಬಹು ಹತ್ತಿರವಾಗಿದೆ. ಅದಕ್ಕೆ ಸ್ವಂತ ಲಿಪಿಯಿಲ್ಲ. ಕಥೆ, ಹಾಡು, ಕುಲದ ಕಟ್ಟಳೆ, ಔಷಧಿಯ ತಿಳಿವಳಿಕೆ ಎಲ್ಲವೂ ಬಾಯಿಂದ ಬಾಯಿಗೆ ಸಾಗಿ ಬಂದವು.

ಕಾಡೇ ಪಾಠಶಾಲೆ

ಸೋಲಿಗರು ಕಾಡನ್ನು ‘ಯೆಲ್ಲೆ’ಗಳಾಗಿ ಗುರುತಿಸುತ್ತಾರೆ. ಒಂದೊಂದು ಯೆಲ್ಲೆಯೂ ಒಂದೊಂದು ಕುಲಕ್ಕೆ ಸೇರಿದ್ದು. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ ಹಾಗೂ ಅಬ್ಬಿ ಎಂಬ ಪವಿತ್ರ ಸ್ಥಾನಗಳಿರುತ್ತವೆ. ಕಲ್ಲುಗುಡಿ ಎಂದರೆ ಹಿರಿಯರ ಸಮಾಧಿಯ ಜಾಗ. ಅಬ್ಬಿ ಎಂದರೆ ನೀರಿನ ತಾಣ. ಬೆಂಗಳೂರಿನ ‘ಏಟ್ರೀ’ ಸಂಶೋಧನಾ ಸಂಸ್ಥೆಯು ಸೋಲಿಗರ ಹಿರಿಯರೊಡನೆ ಕಾಡು ಸುತ್ತಿ ಇಂತಹ ತಾಣಗಳ ನಕ್ಷೆ ಸಿದ್ಧಪಡಿಸಿದಾಗ ಅವುಗಳ ಸಂಖ್ಯೆ ಐನೂರರ ಸಮೀಪಕ್ಕೆ ಬಂತು. ಸರ್ಕಾರಿ ನಕ್ಷೆಯಲ್ಲಿ ಬರಿಯ ಅರಣ್ಯವೆಂದು ಕಾಣುವ ನೆಲವು ಸೋಲಿಗರ ಪಾಲಿಗೆ ಹೆಸರು, ಕಥೆ ಮತ್ತು ಹೊಣೆಗಾರಿಕೆಗಳಿಂದ ತುಂಬಿದ ಭೂಮಿ ಎಂಬುದಕ್ಕೆ ಈ ನಕ್ಷೆ ಸಾಕ್ಷಿ.

ಈ ತಿಳಿವಳಿಕೆಯನ್ನು ಯಾರೂ ಕೂರಿಸಿ ಪಾಠ ಹೇಳುವುದಿಲ್ಲ. ತಂದೆಯ ಹಿಂದೆ ಜೇನಿಗೆ ಹೋದ ಮಗು ಹೆಜ್ಜೇನು, ತುಡುವೆ, ಕೋಲುಜೇನು, ನೆಸರಿಗಳ ಭೇದವನ್ನು ಅರಿಯುತ್ತದೆ. ಯಾವ ಮರ ಹೂ ಬಿಟ್ಟಾಗ ಯಾವ ಜೇನು ಕೂಡುತ್ತದೆ, ಹುಟ್ಟಿನಲ್ಲಿ ಎಷ್ಟು ಭಾಗ ಬಿಡಬೇಕು ಎಂಬುದನ್ನು ಕೆಲಸದ ನಡುವೆಯೇ ಕಲಿಯುತ್ತದೆ. ತಾಯಿ, ಅಜ್ಜಿಯರೊಡನೆ ಗೆಡ್ಡೆ-ಸೊಪ್ಪಿಗೆ ಹೋದ ಹುಡುಗಿ ತಿನ್ನುವ ಗೆಡ್ಡೆ ಯಾವುದು, ತಿನ್ನಬಾರದ್ದು ಯಾವುದು ಎಂಬುದನ್ನು ಕಣ್ಣಿನಿಂದ, ಕೈಯಿಂದ ತಿಳಿಯುತ್ತಾಳೆ. ನೆಲ್ಲಿ ಕೊಯ್ಯುವಾಗ ಕೊಂಬೆ ಕಡಿಯಬಾರದು, ಪ್ರಾಣಿಗಳಿಗೂ ಒಂದಿಷ್ಟು ಕಾಯಿ ಬಿಡಬೇಕು ಎಂಬ ನೀತಿಯೂ ಹೀಗೆಯೇ ಮೈಗೂಡುತ್ತದೆ.

ಈ ಅರಿವು ಭಾಷೆಯೊಳಗೇ ಅಡಗಿದೆ ಎಂಬುದನ್ನು ಭಾಷಾವಿಜ್ಞಾನಿ ಆಂಗ್ ಸಿ ಅವರ ಅಧ್ಯಯನಗಳು ತೋರಿಸಿವೆ. ಪಕ್ಷಿತಜ್ಞೆ ಸಮೀರಾ ಅಗ್ನಿಹೋತ್ರಿ ಅವರೊಡನೆ ಅವರು 2012ರಲ್ಲಿ ಸೋಲಿಗರ ಪಕ್ಷಿಜ್ಞಾನದ ಕುರಿತು ಪ್ರಬಂಧ ಪ್ರಕಟಿಸಿದರು. ಸೋಲಿಗರ ಒಟ್ಟು ಪರಿಸರ ಜ್ಞಾನವನ್ನು ಭಾಷೆಯ ದೃಷ್ಟಿಯಿಂದ ನೋಡುವ ಆಂಗ್ ಸಿ ಅವರ ಗ್ರಂಥ 2016ರಲ್ಲಿ ಹೊರಬಂತು. ಹಕ್ಕಿಯ ಕೂಗನ್ನೇ ಅನುಕರಿಸುವ ಹೆಸರು ತಿಳಿದಿರುವ ಮಗು, ಹಕ್ಕಿ ಕಣ್ಣಿಗೆ ಬೀಳದಿದ್ದರೂ ಅದನ್ನು ಗುರುತಿಸಬಲ್ಲದು. ಹೆಸರು ಮರೆತರೆ ಆ ಗುರುತೂ ಕ್ರಮೇಣ ಮಾಸುತ್ತದೆ.

ತರಗು ಬೆಂಕಿ: ಒಂದು ನಿದರ್ಶನ

ಸಾಂಪ್ರದಾಯಿಕ ಅರಿವಿನ ಬೆಲೆ ಏನೆಂಬುದಕ್ಕೆ ತರಗು ಬೆಂಕಿಯ ಪ್ರಸಂಗ ಉತ್ತಮ ಉದಾಹರಣೆ. ಬೇಸಿಗೆ ಬಲಿಯುವ ಮುನ್ನವೇ, ನೆಲದ ಒಣ ಎಲೆಯಷ್ಟೇ ಉರಿಯುವಂತೆ ಸಣ್ಣ ಬೆಂಕಿ ಹಾಕುವುದು ಸೋಲಿಗರ ಹಳೆಯ ಪದ್ಧತಿ. ಇದರಿಂದ ಹೊಸ ಹುಲ್ಲು ಚಿಗುರುತ್ತದೆ, ಉಣ್ಣೆಯಂತಹ ಕೀಟಗಳ ಕಾಟ ತಗ್ಗುತ್ತದೆ, ಕಡುಬೇಸಿಗೆಯ ದೊಡ್ಡ ಕಾಳ್ಗಿಚ್ಚಿಗೆ ಉರುವಲು ಉಳಿಯುವುದಿಲ್ಲ ಎಂಬುದು ಹಿರಿಯರ ಮಾತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಬಳಿಕ ಈ ಪದ್ಧತಿಯನ್ನು ನಿಷೇಧಿಸಲಾಯಿತು.

ಮುಂದಿನ ದಶಕಗಳಲ್ಲಿ ಈ ಕಾಡನ್ನು ಲಂಟಾನ ಆವರಿಸಿತು. ಅಮೆರಿಕ ಖಂಡದ ಮೂಲದ ಈ ಮುಳ್ಳುಪೊದೆಯನ್ನು ಬ್ರಿಟಿಷರ ಕಾಲದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ತರಲಾಗಿತ್ತು. ಬಿಳಿಗಿರಿಯಲ್ಲಿ ನಡೆದ ಸಮೀಕ್ಷೆಗಳಲ್ಲಿ, 1997ರಲ್ಲಿ ಪರೀಕ್ಷಿಸಿದ ತಾಕುಗಳ ಪೈಕಿ ಸುಮಾರು ಶೇ. 40ರಲ್ಲಿ ಕಂಡಿದ್ದ ಲಂಟಾನ 2008ರ ವೇಳೆಗೆ ಸುಮಾರು ಶೇ. 80ರಲ್ಲಿ ಕಾಣಿಸಿಕೊಂಡಿತು. ಅದರ ಅಡಿಯಲ್ಲಿ ಹುಲ್ಲು ಬೆಳೆಯದು. ಇತರ ಮರಗಳ ಸಸಿ ಮೇಲೇಳದು.

ಲಂಟಾನ ಮತ್ತು ಬೆಂಕಿ ಒಂದನ್ನೊಂದು ಪೋಷಿಸುತ್ತವೆ ಎಂಬ ಊಹೆಯನ್ನು ಪರಿಸರ ವಿಜ್ಞಾನಿಗಳಾದ ಅಂಕಿಲಾ ಹಿರೇಮಠ್ ಮತ್ತು ಭರತ್ ಸುಂದರಂ 2005ರಲ್ಲಿ ಮಂಡಿಸಿದ್ದರು. ಸೋಲಿಗರ ವಾದ ಇದಕ್ಕೆ ವ್ಯತಿರಿಕ್ತವಾಗಿತ್ತು. ಲಂಟಾನ ಹಿಂದೆಯೂ ಇತ್ತು, ಆದರೆ ತರಗು ಬೆಂಕಿ ಅದರ ಸಸಿಗಳನ್ನು ಸುಟ್ಟು ಹತೋಟಿಯಲ್ಲಿಟ್ಟಿತ್ತು, ಬೆಂಕಿ ನಿಂತ ಮೇಲೆಯೇ ಅದು ಹಬ್ಬಿತು ಎಂದು ಹಿರಿಯರು ವಿವರಿಸಿದರು. ಅದೇ ವಿಜ್ಞಾನಿಗಳು ಸಹ ಸಂಶೋಧಕರೊಡನೆ ಈ ವಿವರಣೆಗಳನ್ನು ದಾಖಲಿಸಿ 2012ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ನೆಲ್ಲಿ ಮರಗಳ ಮೇಲೆ ಬೆಳೆಯುವ ಬಂದಳಿಕೆಯ ವಿಷಯದಲ್ಲಿಯೂ ಇಂತಹುದೇ ಮಾತು ಕೇಳಿಬಂತು. ಬೆಂಕಿ ನಿಂತದ್ದರಿಂದ ಬಂದಳಿಕೆ ಹೆಚ್ಚಿ ನೆಲ್ಲಿ ಮರಗಳು ಸೊರಗುತ್ತಿವೆ ಎಂಬ ಸೋಲಿಗರ ಅಭಿಪ್ರಾಯವನ್ನು ಆಧರಿಸಿದ ಸಂಶೋಧನೆ 2010ರಲ್ಲಿ ಪ್ರಕಟವಾಯಿತು.

ಈಗ ಪೊದೆ ಆಳೆತ್ತರ ಬೆಳೆದಿರುವುದರಿಂದ ಹಿಂದಿನಂತೆ ಬೆಂಕಿ ಹಾಕುವುದು ಸುಲಭವಲ್ಲ, ಸುರಕ್ಷಿತವೂ ಅಲ್ಲ. ಆದರೆ ಕಾಡಿನ ಆರೋಗ್ಯಕ್ಕೆ ಸಂಬಂಧಿಸಿದ ಗಂಭೀರ ಪ್ರಶ್ನೆಯೊಂದರಲ್ಲಿ ಅನಕ್ಷರಸ್ಥ ಹಿರಿಯರ ಅನುಭವವು ವಿಜ್ಞಾನಕ್ಕೆ ಹೊಸ ದಿಕ್ಕು ತೋರಿಸಿತು ಎಂಬುದು ಗಮನಾರ್ಹ. ಎಂದೂ ತರಗು ಬೆಂಕಿ ಹಾಕದ ತಲೆಮಾರು ಈಗ ಹಿರಿತನಕ್ಕೆ ಬರುತ್ತಿದೆ. ಯಾವ ತಿಂಗಳಲ್ಲಿ, ಯಾವ ಗಾಳಿಯಲ್ಲಿ, ಎಷ್ಟು ತೇವವಿರುವಾಗ ಎಂಬ ಸೂಕ್ಷ್ಮ ಕೇವಲ ಮಾತಿನಿಂದ ಉಳಿಯುವಂಥದ್ದಲ್ಲ. ಕೆಲಸ ನಿಂತಲ್ಲಿ ಕಲಿಕೆಯೂ ನಿಲ್ಲುತ್ತದೆ.

ಕಾನೂನು ತಂದ ಬದಲಾವಣೆ

ವನ್ಯಧಾಮದ ಘೋಷಣೆಯೊಂದಿಗೆ ಸೋಲಿಗರ ಕುಮರಿ ಬೇಸಾಯ ಮತ್ತು ಬೇಟೆ ಕೊನೆಗೊಂಡವು. ಚದುರಿದ್ದ ಕುಟುಂಬಗಳು ಕಾಯಂ ಪೋಡುಗಳಲ್ಲಿ ನೆಲೆಸಬೇಕಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2002ರ ತಿದ್ದುಪಡಿಯ ಪರಿಣಾಮವಾಗಿ, ಮಾರಾಟಕ್ಕಾಗಿ ಜೇನು, ನೆಲ್ಲಿ, ಸೀಗೆ, ಪಾಚಿ ಮುಂತಾದ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಇದರ ಆರ್ಥಿಕ ಪೆಟ್ಟು ಎಲ್ಲರ ಕಣ್ಣಿಗೆ ಕಂಡಿತು. ಮಗು ಹಿರಿಯರೊಡನೆ ಕಾಡಿಗೆ ಹೋಗುವ ಸಂದರ್ಭಗಳೇ ಕಡಿಮೆಯಾದ ನಷ್ಟ ಅಷ್ಟಾಗಿ ಕಾಣಲಿಲ್ಲ.

ಶಾಲೆ ಬಂದ ಬಗೆ

ವೈದ್ಯರಾಗಿ ಬೆಟ್ಟಕ್ಕೆ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಆರೋಗ್ಯ ಸೇವೆಯ ಜೊತೆಗೆ ಶಾಲೆಯೂ ಬೆಳೆಯಿತು. ಈ ಕಾರ್ಯಕ್ಕಾಗಿ ಸುದರ್ಶನ್ ಅವರಿಗೆ 1994ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಗೌರವ ದೊರೆತವು. ಸರ್ಕಾರದ ಗಿರಿಜನ ಆಶ್ರಮ ಶಾಲೆಗಳೂ ಮಕ್ಕಳಿಗೆ ವಸತಿ, ಊಟ ಹಾಗೂ ಪ್ರಾಥಮಿಕ ಶಿಕ್ಷಣ ನೀಡುತ್ತ ಬಂದಿವೆ.

ಇದರ ಫಲ ಕಡಿಮೆಯೇನಲ್ಲ. ಸೋಲಿಗರಲ್ಲಿ ಇಂದು ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರು ಇದ್ದಾರೆ. ಇದೇ ಸಮುದಾಯದಿಂದ ಬಂದು ಡಾಕ್ಟರೇಟ್ ಪಡೆದ ಸಿ. ಮಾದೇಗೌಡ ಅವರು ತಮ್ಮ ಜನರ ತಾಣಗಳನ್ನೂ ಹಕ್ಕುಗಳನ್ನೂ ಕುರಿತು ಸಂಶೋಧನೆ ನಡೆಸಿದವರು. ಪೋಡಿನ ಅರಿವು ಮತ್ತು ವಿಶ್ವವಿದ್ಯಾಲಯದ ವಿದ್ಯೆ ಒಂದೆಡೆ ಸೇರಿದರೆ ಎಂತಹ ಕೆಲಸ ಸಾಧ್ಯ ಎಂಬುದಕ್ಕೆ ಅವರ ಉದಾಹರಣೆ ಸಾಕು.

ಆದರೂ ಒಟ್ಟು ಚಿತ್ರ ಸಮಾಧಾನಕರವಾಗಿಲ್ಲ. 2011ರಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟಿದ್ದರೆ ಪರಿಶಿಷ್ಟ ಪಂಗಡಗಳ ಸಾಕ್ಷರತೆ ಶೇ. 62ರಷ್ಟಿತ್ತು. ರಾಜ್ಯದ ಪರಿಶಿಷ್ಟ ಪಂಗಡಗಳ ಪೈಕಿ ಬಯಲುಸೀಮೆಯ ನಾಯಕ ಸಮುದಾಯದವರೇ ಬಹುಸಂಖ್ಯಾತರಾದ ಕಾರಣ, ಕಾಡಿನಂಚಿನ ಚಿಕ್ಕ ಬುಡಕಟ್ಟುಗಳ ಸ್ಥಿತಿಗತಿ ಈ ಸರಾಸರಿಯಲ್ಲಿ ಮರೆಯಾಗುತ್ತದೆ.

ವಸತಿ ಶಾಲೆಯ ವ್ಯವಸ್ಥೆಯಲ್ಲಿಯೇ ಒಂದು ಇಕ್ಕಟ್ಟಿದೆ. ಆನೆ ಓಡಾಡುವ ಹಾದಿಯಲ್ಲಿ ಪ್ರತಿದಿನ ಮೈಲುಗಟ್ಟಲೆ ನಡೆಯುವುದಕ್ಕಿಂತ ಹಾಸ್ಟೆಲ್ ವಾಸ ಲೇಸು. ಹೊಟ್ಟೆ ತುಂಬ ಊಟವೂ ದೊರೆಯುತ್ತದೆ. ಆದರೆ ವರ್ಷದ ಬಹುಪಾಲು ಪೋಡಿನಿಂದ ದೂರವಿರುವ ಮಗುವಿಗೆ ಹಬ್ಬದ ಇರುಳಿನ ಹಾಡು, ಅಜ್ಜನ ಕಥೆ, ಋತುವಿಗೊಂದರಂತೆ ಬರುವ ಕಾಡಿನ ಕೆಲಸ ಯಾವುದೂ ಸಿಗುವುದಿಲ್ಲ. ಹೈಸ್ಕೂಲು ಹಂತದಲ್ಲಿ ಓದು ಬಿಟ್ಟು ಮರಳಿದರೆ ಅಕ್ಷರವೂ ಅರ್ಧ, ಕಾಡಿನ ಅರಿವೂ ಅರ್ಧ. ಅಂಥವರ ಮುಂದೆ ಉಳಿಯುವುದು ತೋಟದ ಕೂಲಿ ಅಥವಾ ಊರು ಬಿಟ್ಟು ದುಡಿಯುವ ದಾರಿ.

ನುಡಿಯ ತೊಡಕು

ಸೋಲಿಗ ನುಡಿ ಕನ್ನಡಕ್ಕೆ ಹತ್ತಿರವೆಂಬ ಕಾರಣದಿಂದಲೇ ಅದರ ಪ್ರತ್ಯೇಕತೆ ಶಾಲೆಯಲ್ಲಿ ಗಮನಕ್ಕೆ ಬರುವುದು ಕಡಿಮೆ. ಮಗು ಮನೆಯ ಮಾತನ್ನಾಡಿದಾಗ ಅದನ್ನು ತಪ್ಪು ಕನ್ನಡವೆಂದು ತಿದ್ದುವ ಸಂಭವವೇ ಹೆಚ್ಚು. ಇದರಿಂದ ಮಗು ಮೊದಲು ಮೌನ ಕಲಿಯುತ್ತದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬುಡಕಟ್ಟು ಜ್ಞಾನದ ಪ್ರಸ್ತಾಪವಿದೆ. ಒಡಿಶಾ ರಾಜ್ಯವು 2006ರ ಸುಮಾರಿಗೇ ಹತ್ತು ಬುಡಕಟ್ಟು ನುಡಿಗಳಲ್ಲಿ ಪ್ರಾಥಮಿಕ ತರಗತಿಯ ಬಹುಭಾಷಾ ಬೋಧನೆ ಆರಂಭಿಸಿತು. ಕನ್ನಡ ಲಿಪಿಯಲ್ಲಿಯೇ ಬರೆಯಬಹುದಾದ ಸೋಲಿಗ ನುಡಿಗೆ ಇಂತಹ ಪ್ರಯತ್ನ ಅಸಾಧ್ಯವಾದುದಲ್ಲ.

ಹಕ್ಕು ತೆರೆದ ಬಾಗಿಲು

2006ರ ಅರಣ್ಯ ಹಕ್ಕು ಕಾಯ್ದೆಯು ಕಾಡಿನ ಭೂಮಿ ಮತ್ತು ಉತ್ಪನ್ನಗಳ ಹಕ್ಕಿನ ಜೊತೆಗೆ, ಜೀವವೈವಿಧ್ಯಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನೂ ಮಾನ್ಯ ಮಾಡುತ್ತದೆ. 2011ರ ಆರಂಭದಲ್ಲಿ ಬಿಳಿಗಿರಿ ವನ್ಯಧಾಮವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಸ್ಥಳಾಂತರದ ಭೀತಿ ಮೂಡಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂತಹ ಹಕ್ಕು ಮಾನ್ಯವಾದುದು ದೇಶದಲ್ಲಿಯೇ ಮೊದಲು. ಜೇನು ಕೀಳುವ, ನೆಲ್ಲಿ ಕೊಯ್ಯುವ ಕೆಲಸಕ್ಕೆ ಇದರಿಂದ ಕಾನೂನಿನ ಆಧಾರ ಸಿಕ್ಕಿತು. ಅಂದರೆ ಕಾಡಿನ ಪಾಠಶಾಲೆಗೂ ಅಷ್ಟರಮಟ್ಟಿಗೆ ಮಾನ್ಯತೆ ಮರಳಿದಂತಾಯಿತು.

ಮುಂದಿನ ದಾರಿ

ವಿಶ್ವಸಂಸ್ಥೆಯು 2007ರಲ್ಲಿ ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ 14ನೆಯ ವಿಧಿಯು, ತಮ್ಮ ನುಡಿಯಲ್ಲಿ, ತಮ್ಮ ಸಂಸ್ಕೃತಿಗೆ ಒಪ್ಪುವ ರೀತಿಯಲ್ಲಿ ಶಿಕ್ಷಣ ವ್ಯವಸ್ಥೆ ರೂಪಿಸಿಕೊಳ್ಳುವ ಹಕ್ಕು ಅವರಿಗಿದೆಯೆಂದು ಸಾರುತ್ತದೆ. ಭಾರತ ಅದರ ಪರವಾಗಿ ಮತ ಹಾಕಿತ್ತು. ಇದನ್ನು ಪೋಡಿನ ಮಟ್ಟದಲ್ಲಿ ಕಾರ್ಯಗತಗೊಳಿಸಲು ಭಾರೀ ಯೋಜನೆಗಳೇ ಬೇಕೆಂದಿಲ್ಲ. ಸೋಲಿಗ ನುಡಿ ಬಲ್ಲ ಶಿಕ್ಷಕರನ್ನು ಕೆಳಗಿನ ತರಗತಿಗಳಿಗೆ ನೇಮಿಸುವುದು, ಪರಿಸರ ಪಾಠಕ್ಕೆ ಪೋಡಿನ ಹಿರಿಯರನ್ನು ಗೌರವಧನ ಕೊಟ್ಟು ಕರೆಸುವುದು, ಹಬ್ಬ ಮತ್ತು ಜೇನಿನ ಕಾಲಕ್ಕೆ ಹೊಂದುವಂತೆ ಆಶ್ರಮ ಶಾಲೆಯ ರಜೆ ನಿಗದಿಪಡಿಸುವುದು, ಗ್ರಾಮಸಭೆಯ ಅರಣ್ಯ ನಿರ್ವಹಣೆಯಲ್ಲಿ ಹೈಸ್ಕೂಲು ಮಕ್ಕಳಿಗೂ ಪಾತ್ರ ಕೊಡುವುದು ಇವು ಈಗಿರುವ ಚೌಕಟ್ಟಿನಲ್ಲಿಯೇ ಆಗಬಹುದಾದ ಕೆಲಸಗಳು.

ಹಾಡು, ಕಥೆಗಳನ್ನು ಧ್ವನಿಮುದ್ರಿಸಿ ಸಂಗ್ರಹಾಲಯದಲ್ಲಿಡುವುದು ಅಗತ್ಯ. ಆದರೆ ಅದೊಂದರಿಂದಲೇ ಜ್ಞಾನ ಉಳಿಯದು. ಅದನ್ನು ಬಳಸುವ ಕೈಗಳಿದ್ದರೆ, ಬಳಸಲು ಕಾಡಿದ್ದರೆ ಮಾತ್ರ ಅದು ಜೀವಂತ. ಸೋಲಿಗರ ಮಗು ಎಂಜಿನಿಯರೋ ವೈದ್ಯೆಯೋ ಆಗಬಾರದೆಂದು ಇದರ ಅರ್ಥವಲ್ಲ. ಹಾಗೆ ಆಗಲು ಅದು ತನ್ನ ನುಡಿಯನ್ನೂ ಬೆಟ್ಟವನ್ನೂ ತೆರಬೇಕಾಗಿ ಬರಬಾರದು ಎಂಬುದಷ್ಟೇ ಅರ್ಥ.

ಪ್ರಮುಖ ಘಟ್ಟಗಳು

1974: ಬಿಳಿಗಿರಿರಂಗನ ಬೆಟ್ಟ ವನ್ಯಧಾಮ ಘೋಷಣೆ, ಕುಮರಿ ಬೇಸಾಯ, ತರಗು ಬೆಂಕಿಗೆ ತಡೆ.
1981: ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆರಂಭ.
2002: ವನ್ಯಜೀವಿ ಕಾಯ್ದೆಗೆ ತಿದ್ದುಪಡಿ; ಮುಂದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೆ ತಡೆ.
2006: ಅರಣ್ಯ ಹಕ್ಕು ಕಾಯ್ದೆ.
2011: ಹುಲಿ ಸಂರಕ್ಷಿತ ಪ್ರದೇಶ ಘೋಷಣೆ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು.
2020: ಬುಡಕಟ್ಟು ಜ್ಞಾನವನ್ನು ಪ್ರಸ್ತಾಪಿಸಿದ ರಾಷ್ಟ್ರೀಯ ಶಿಕ್ಷಣ ನೀತಿ.